ಒಂಬತ್ತನೇ ಪ್ರಶ್ನೆ

ಹೆಮ್ಮಿಗೆ ದಾಟಿ ಹೊಳೆಯ ಕಡೆ ತಿರುಗಿದರೆ ಸಿಗುವ ಚಿಕ್ಕಕೊಪ್ಪಲಿನಲ್ಲಿ ನೂರ ಎಂಬತ್ತು ಮನೆಗಳಿವೆ. ಅಷ್ಟೂ ಮನೆಗಳಲ್ಲಿ ಹೇಳದೆ ಕೇಳದೆ ಅಡುಗೆಮನೆಯವರೆಗೆ ನುಗ್ಗುವ ಅಧಿಕಾರ ಬೆಕ್ಕುಗಳನ್ನು ಬಿಟ್ಟರೆ ಮರಿತಾಯಮ್ಮನಿಗೆ ಮಾತ್ರ. ಆಶಾ ಕಾರ್ಯಕರ್ತೆಯಾಗಿ ಅವಳಿಗೆ ಹದಿನೇಳು ವರ್ಷ. ಊರಿನವರ ಬಾಯಲ್ಲಿ ಅವಳು ಆಸಕ್ಕ. ಯಾರಿಗೆ ಎಷ್ಟು ತಿಂಗಳು, ಯಾರಿಗೆ ಸಕ್ಕರೆ, ಯಾರು ಬಿ.ಪಿ. ಮಾತ್ರೆ ನುಂಗಿದೆ ಎಂದು ಹೇಳಿ ಕೋಳಿಗೂಡಿನ ಹಿಂದೆ ಎಸೆಯುತ್ತಾರೆ, ಎಲ್ಲವೂ ಅವಳಿಗೆ ಗೊತ್ತು. ಒಮ್ಮೆ ಹೆರಿಗೆ ನೋವು ಬಂದವಳನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಟಿ. ನರಸೀಪುರದವರೆಗೆ ಡ್ರೈವರನ್ನು ಬೈಯುತ್ತಲೇ ಹೋಗಿದ್ದಳು. ಮಗು ಕ್ಷೇಮವಾಗಿ ಹುಟ್ಟಿತು. ಆ ಡ್ರೈವರ್ ಈಗಲೂ ಅವಳನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾನೆ.

ಇಂಥ ಗಟ್ಟಿಗಿತ್ತಿಗೆ ಹೆದರಿಕೆ ಇದ್ದದ್ದು ಒಂದಕ್ಕೆ ಮಾತ್ರ. ಹಾವಿಗಲ್ಲ, ಮೇಲಧಿಕಾರಿಗಲ್ಲ, ಕೆಟ್ಟ ಮಾತಿಗೆ. ಅವಳ ಮನೆಯ ಗೋಡೆಯಲ್ಲಿ ಬುದ್ಧನ ಪಟವಿದೆ. ಶಕುನ, ದೆವ್ವ, ಮಾಟ ಎಲ್ಲ ಬುರುಡೆ ಎಂದು ಹೆಂಗಸರ ಸಂಘದಲ್ಲಿ ಭಾಷಣ ಮಾಡುತ್ತಾಳೆ. ಆದರೆ ಮನೆಯಲ್ಲಿ ಅಕ್ಕಿ ಮುಗಿದರೆ ‘ಮುಗಿಯಿತು’ ಎನ್ನುವುದಿಲ್ಲ, ‘ಹೆಚ್ಚಾಯಿತು’ ಎನ್ನುತ್ತಾಳೆ. ದೀಪವನ್ನು ಆರಿಸುವುದಿಲ್ಲ, ದೊಡ್ಡದು ಮಾಡುತ್ತಾಳೆ. ಯಾರ ಮನೆಯಿಂದ ಹೊರಟರೂ ‘ಬತ್ತೀನಿ’ ಎನ್ನಬೇಕೇ ಹೊರತು ‘ಓಯ್ತೀನಿ’ ಎನ್ನಕೂಡದು. ಯಾರಾದರೂ ಬಾಯಿತಪ್ಪಿ ಸಾವಿನ ಮಾತೆತ್ತಿದರೆ ‘ಬುಡ್ತು ಅನ್ನು, ಮೊದ್ಲು ಬುಡ್ತು ಅನ್ನು’ ಎಂದು ಅವರ ಬಾಯಿಂದ ಹೇಳಿಸಿಯೇ ಮುಂದಿನ ಮಾತು. ಇದು ಮೂಢನಂಬಿಕೆಯಲ್ಲವೇ ಎಂದು ಗಂಡ ಚಲುವಯ್ಯ ಒಮ್ಮೆ ಕೆಣಕಿದ್ದಕ್ಕೆ, ಇದು ಮರ್ಯಾದೆ ಎಂದು ಬಾಯಿ ಮುಚ್ಚಿಸಿದ್ದಳು.

ಹೀಗಿರುವಾಗ ಎರಡು ತಾಲ್ಲೂಕುಗಳಿಗೆ ‘ಮನೆಮನೆಗೆ ನೆಮ್ಮದಿ’ ಎಂಬ ಯೋಜನೆ ಬಂತು. ಯಾವುದೋ ಸಂಸ್ಥೆಯವರದು. ನೆಮ್ಮದಿಯನ್ನು ಮನೆಮನೆಗೆ ಹೊತ್ತು ಹಾಕುವ ಕೂಲಿ ಮಾತ್ರ ಎಂದಿನಂತೆ ಆಶಾಗಳದು. ಮೊಬೈಲಿನಲ್ಲಿ ಒಂಬತ್ತು ಪ್ರಶ್ನೆ. ನಿದ್ದೆ ಬರುವುದಿಲ್ಲವೇ, ಹಸಿವಾಗುವುದಿಲ್ಲವೇ, ಸುಸ್ತೇ, ಯಾವುದರಲ್ಲೂ ಆಸೆಯಿಲ್ಲವೇ, ಹೀಗೆ ಎಂಟು. ಎಂಟನ್ನೂ ಮರಿತಾಯಮ್ಮ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು ಕೇಳಬಲ್ಲಳು. ಒಂಬತ್ತನೆಯದು ಬೇರೆ ಜಾತಿಯದು. ‘ಬದುಕಿರುವುದಕ್ಕಿಂತ ಸಾಯುವುದೇ ಮೇಲು ಎಂದು ಕಳೆದ ಹದಿನೈದು ದಿನಗಳಲ್ಲಿ ಅನ್ನಿಸಿದೆಯೇ?’

ಮೊದಲ ದಿನ ಮೊದಲ ಮನೆಯಲ್ಲಿ ಆ ಮನೆಯ ಅಜ್ಜಿ ಆಗತಾನೇ ದೀಪ ಹಚ್ಚಿ ಬಂದು ಕೂತಿತ್ತು. ಮರಿತಾಯಮ್ಮ ಪ್ರಶ್ನೆಯನ್ನು ನೋಡಿದಳು, ದೀಪವನ್ನು ನೋಡಿದಳು, ಅಜ್ಜಿಯ ಮುಖ ನೋಡಿದಳು. ನಾಲಿಗೆ ಹೊರಳಲಿಲ್ಲ. ಗಂಟಲು ಕೆರೆದುಕೊಂಡು “ಕಾಪಿ ಆಯ್ತಾ ಅಜ್ಜೀ?” ಎಂದು ಕೇಳಿ ತಾನೇ ‘ಇಲ್ಲ’ ಎಂದು ಒತ್ತಿದಳು. ಕಾಫಿಯಾಗಿತ್ತು ಎಂದು ಅಜ್ಜಿ ಹೇಳಿದ್ದು ಯೋಜನೆಗೆ ಬೇಕಾಗಿರಲಿಲ್ಲ.

ಆ್ಯಪ್ ಮಾಡಿದ ಪುಣ್ಯಾತ್ಮರೂ ಈ ದಾರಿಗೆ ಹೂ ಹಾಸಿದ್ದರು. ‘ಹೌದು’ ಎಂದರೆ ಇನ್ನೂ ನಾಲ್ಕು ಪುಟ ತೆರೆಯುತ್ತಿದ್ದವು, ಒ.ಟಿ.ಪಿ. ಕೇಳುತ್ತಿತ್ತು, ಚಿಕ್ಕಕೊಪ್ಪಲಿನಲ್ಲಿ ಒ.ಟಿ.ಪಿ. ಬರುವುದು ನೀರಿನ ಟ್ಯಾಂಕಿನ ಏಳನೇ ಮೆಟ್ಟಿಲ ಮೇಲೆ ಮಾತ್ರ. ‘ಇಲ್ಲ’ ಎಂದರೆ ಪರದೆಯ ಮೇಲೆ ‘ಧನ್ಯವಾದಗಳು’ ಎಂದು ಒಂದು ತಾವರೆ ಅರಳುತ್ತಿತ್ತು. ಮರಿತಾಯಮ್ಮ ಆರು ತಿಂಗಳಲ್ಲಿ ನಾನೂರ ಹನ್ನೆರಡು ತಾವರೆ ಅರಳಿಸಿದಳು.

ಯೋಜನೆಯ ಸಂಯೋಜಕ ಪ್ರಸಾದ್ ಎಂಬಾತ ಲ್ಯಾಪ್‌ಟಾಪಿನಲ್ಲಿ ಊರೂರನ್ನು ಹಸಿರು, ಹಳದಿ, ಕೆಂಪು ಎಂದು ಬಣ್ಣ ಬಳಿಯುತ್ತಿದ್ದವನು, ಚಿಕ್ಕಕೊಪ್ಪಲಿನ ಹಸಿರು ನೋಡಿ ಪುಳಕಗೊಂಡ. ನಾನೂರ ಹನ್ನೆರಡು ಜನರಲ್ಲಿ ಒಬ್ಬರಿಗೂ ಸಾಯುವ ಯೋಚನೆಯಿಲ್ಲ! ಅಪಾಯವಿಲ್ಲದ ಊರೆಂದು ಮೇಲಿನವರಿಗೆ ಬರೆದ. ಅಪಾಯವಿಲ್ಲದ ಊರಿಗೆ ವಾರವಾರ ವಿಚಾರಣೆಯ ಭೇಟಿ ಯಾಕೆಂದು ಅದನ್ನೂ ರದ್ದು ಮಾಡಿದರು.

ಆ ನಾನೂರ ಹನ್ನೆರಡರಲ್ಲಿ ಕೋಮಲ ಒಬ್ಬಳು.

ಕೋಮಲ ದೊಡ್ಡಮಾದಯ್ಯನ ಸೊಸೆ, ಇಪ್ಪತ್ತಮೂರರ ಹುಡುಗಿ. ಪಿ.ಯು.ಸಿ. ಓದಿದ್ದಳು, ಹೊಲಿಗೆ ಬಲ್ಲವಳು. ಗಂಡ ನಟರಾಜನಿಗೆ ನಂಜನಗೂಡಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಹಿಂದಿನ ವರ್ಷ ಏಳು ತಿಂಗಳಿಗೆ ಮಗು ಹೊಟ್ಟೆಯಲ್ಲೇ ಹೋಗಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದವಳು, ಬರಿಗೈಯಲ್ಲಿ ವಾಪಸು ಕರೆದುಕೊಂಡು ಬಂದವಳು, ಎರಡೂ ಮರಿತಾಯಮ್ಮನೇ. “ಬುಡವ್ವ, ಇನ್ನೊಂದಾಯ್ತದೆ” ಎಂದು ಊರೆಲ್ಲ ಹೇಳಿತು. ಹೇಳಿ ಗದ್ದೆ ಕೆಲಸಕ್ಕೆ ಹೋಯಿತು. ಕೋಮಲ ಮಾತ್ರ ಹಾಸಿಗೆ ಬಿಟ್ಟು ಏಳುವುದನ್ನು ನಿಲ್ಲಿಸಿದಳು.

ಪ್ರಶ್ನೆ ಕೇಳಲು ಹೋದ ದಿನ ಅತ್ತೆ ಮುತ್ತಮ್ಮ, ಪಕ್ಕದ ಮನೆಯ ಇಬ್ಬರು, ಎಲ್ಲರೂ ಸಿನಿಮಾ ನೋಡುವವರ ಹಾಗೆ ಸುತ್ತ ಕೂತಿದ್ದರು. ಎಂಟು ಪ್ರಶ್ನೆಗೂ ಕೋಮಲ “ದಿನಾ”, “ದಿನಾ” ಎಂದಳು. ಒಂಬತ್ತನೆಯದು ಬಂದಾಗ ಮರಿತಾಯಮ್ಮ ಅವಳ ತಲೆ ಸವರಿ “ಕಾಪಿ ಕುಡುದ್ಯಾ ಮಗಾ?” ಎಂದು ಕೇಳಿ ‘ಇಲ್ಲ’ ಒತ್ತಿದಳು. ತಾವರೆ ಅರಳಿತು. ಕೋಮಲ ಪಕ್ಕದಲ್ಲೇ ಕೂತು ಪರದೆಯನ್ನೇ ನೋಡುತ್ತಿದ್ದಳು.

ಯೋಜನೆಯ ಶಿಬಿರದಲ್ಲಿ ಡಾಕ್ಟರು ಮೂರು ಗಂಟೆಯಲ್ಲಿ ಎಂಬತ್ತು ಜನರನ್ನು ನೋಡಬೇಕಿತ್ತು. ಬೆರಳಲ್ಲಿ ಪಟ್ಟಿ ಕೆಳಗಿಳಿಸುತ್ತಾ “ಒಂಬತ್ತನೇದು ಇಲ್ಲ. ಗುಡ್” ಎಂದರು. ಮನಸ್ಸಿನ ಖಿನ್ನತೆಗೆ ಮಾತ್ರೆ ಬರೆದರು. “ಬೆಳಗ್ಗೆ ತಿಂಡಿ ಆದ್ಮೇಲೆ ಒಂದು. ತಿಂಗಳು ಬಿಟ್ಟು ಬನ್ನಿ. ನೆಕ್ಸ್ಟ್.” ಕೋಮಲ ಬಾಯಿ ತೆರೆಯುವಷ್ಟರಲ್ಲಿ ನೆಕ್ಸ್ಟ್ ಬಂದು ಕುರ್ಚಿಯ ಮೇಲೆ ಕೂತಾಗಿತ್ತು.

ಎರಡನೇ ವಾರಕ್ಕೆ ಕೋಮಲ ಎದ್ದಳು! ಅಂಗಳ ಗುಡಿಸಿದಳು, ತಲೆ ಬಾಚಿದಳು, ಮೂರು ಜನ ಹೊತ್ತರೂ ಸಾಲದಷ್ಟು ಬಟ್ಟೆ ಒಬ್ಬಳೇ ಒಗೆದಳು. ಮುತ್ತಮ್ಮ ಬೀದಿಯಲ್ಲಿ ನಿಂತು ಸಾರಿದಳು: “ಆಸಕ್ಕ ಕೊಡಿಸಿದ ಮಾತ್ರೆ ಕಣ್ರವ್ವ. ಎತ್ತಿನಂಗೆ ಗೇಯ್ತಾವ್ಳೆ ಈಗ.” ಮರಿತಾಯಮ್ಮ ಆ ವಾರವೆಲ್ಲ ಸ್ವಲ್ಪ ಎದೆ ಮುಂದೆ ಮಾಡಿಕೊಂಡೇ ನಡೆದಳು.

ಮೂರನೇ ವಾರದ ಒಂದು ಬೆಳಿಗ್ಗೆ ಕೋಮಲ ಅವಳ ಮನೆಗೆ ಬಂದಳು. ಕೈಯಲ್ಲಿ ಎಲೆಹಸಿರು ರೇಷ್ಮೆ ಸೀರೆ, ಕುಂಕುಮದ ಬಣ್ಣದ ಅಂಚು. ಸೀಮಂತಕ್ಕೆ ತೆಗೆದದ್ದು. “ನೀ ಉಟ್ಕೊ ಚಿಕ್ಕವ್ವ. ನಿಂಗೆ ಒಪ್ತದೆ.” ಮರಿತಾಯಮ್ಮ ಬೇಡ ಬೇಡ ಎನ್ನುತ್ತಲೇ ಸೀರೆಯನ್ನು ಎದೆಗೆ ಹಿಡಿದು ಕನ್ನಡಿಯಲ್ಲಿ ನೋಡಿಕೊಂಡಳು. ಸುಳ್ಳು ಯಾಕೆ, ಆಸೆಯಾಗಿತ್ತು. ಮುಂದಿನ ವಾರವೇ ನಂಜನಗೂಡಿನಲ್ಲಿ ಎರಡೂ ತಾಲ್ಲೂಕಿನ ಸಮಾವೇಶ, ಶೂನ್ಯ ಅಪಾಯದ ಊರೆಂದು ಅವಳಿಗೆ ಸನ್ಮಾನ ಬೇರೆ. “ಯೂನಿಫಾರಂ ಬೇಡ ಮೇಡಂ, ಒಳ್ಳೇ ಸೀರೆ ಉಟ್ಟು ಬನ್ನಿ, ಫೋಟೋ ಇದೆ” ಎಂದು ಪ್ರಸಾದ್ ಹೇಳಿದ್ದ. ಬೀರುವಿನಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಹೊರಡುವಾಗ ಕೋಮಲ “ಓಯ್ತೀನಿ ಚಿಕ್ಕವ್ವ” ಎಂದಳು.

“ಓಯ್ತೀನಿ ಅನ್ಬಾರ್ದು ಕಣವ್ವ. ಬತ್ತೀನಿ ಅನ್ನು” ಎಂದು ಮರಿತಾಯಮ್ಮ ಸೀರೆಯ ನೆರಿಗೆ ನೋಡುತ್ತಲೇ ತಿದ್ದಿದಳು. ಕೋಮಲ ನಕ್ಕಳು, ತಿದ್ದಿಕೊಳ್ಳದೆ ಹೋದಳು.

ಸಮಾವೇಶದ ದಿನ ನಂಜನಗೂಡಿನ ಕಲ್ಯಾಣ ಮಂಟಪದಲ್ಲಿ ಮರಿತಾಯಮ್ಮ ಹಸಿರು ರೇಷ್ಮೆ ಸೀರೆಯಲ್ಲಿ ಮೊದಲ ಸಾಲಿನಲ್ಲೇ ಕೂತಳು. ಊಟವಾದ ಮೇಲೆ ಸನ್ಮಾನ: ಶಾಲು, ಹಾರ, ಗೋಡೆ ಗಡಿಯಾರ. ಊಟಕ್ಕೆ ಮುಂಚೆ ಹೊಟ್ಟೆ ಹಸಿಯಲಿ ಎಂದೋ ಏನೋ ಒಂದು ತರಬೇತಿ. ಸಂಘಮಿತ್ರಾ ಎಂಬ ಆಪ್ತಸಮಾಲೋಚಕಿ ಎದ್ದು ನಿಂತಳು. ವಯಸ್ಸು ಮೂವತ್ತಿರಬಹುದು, ಮೈಕು ಸರಿಯಿಲ್ಲದಿದ್ದರೂ ದನಿ ಸರಿಯಿತ್ತು.

“ಅಕ್ಕಂದಿರಾ, ಈ ಮಾತ್ರೆ ಒಳ್ಳೇದು. ಬಹಳ ಜನಕ್ಕೆ ಜೀವ ಕೊಟ್ಟಿದೆ. ಯಾರೂ ಹೆದರಿ ತಾವಾಗೇ ನಿಲ್ಲಿಸಬಾರದು” ಎಂದು ಅವಳು ಶುರುಮಾಡಿದಳು. “ಆದ್ರೆ ಕೊಟ್ಟು ಮರ್ತುಬಿಡೋ ಮಾತ್ರೆ ಅಲ್ಲ ಇದು. ಮನಸ್ಸು ಹಗುರ ಆಗೋಕೆ ವಾರಗಟ್ಟಲೆ ಬೇಕು. ಕೆಲವರಿಗೆ ಮೈಗೆ ಮೊದ್ಲು ತ್ರಾಣ ಬರುತ್ತೆ, ಮನಸ್ಸು ಅಲ್ಲೇ ಬಿದ್ದಿರುತ್ತೆ. ಅದರಲ್ಲೂ ಇಪ್ಪತ್ತೈದರ ಒಳಗಿನವರಲ್ಲಿ, ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ, ಡೋಸ್ ಬದಲಾದಾಗ, ಸಾಯೋ ಯೋಚನೆ ಹೆಚ್ಚಾಗಬಹುದು. ಎದ್ದು ಓಡಾಡ್ತಾ ಇದ್ದಾರೆ ಅಂತ ಊರೆಲ್ಲ ಖುಷಿ ಪಡೋ ಹೊತ್ತಿನಲ್ಲೇ ನಾವು ಹತ್ತಿರ ಇರಬೇಕು.”

ಎತ್ತಿನಂಗೆ ಗೇಯ್ತಾವ್ಳೆ. ಮರಿತಾಯಮ್ಮ ಕುರ್ಚಿಯಲ್ಲಿ ನೆಟ್ಟಗಾದಳು.

“ಇಷ್ಟಪಟ್ಟು ಇಟ್ಕೊಂಡಿದ್ದ ವಸ್ತುಗಳನ್ನ ಅವರಿವರಿಗೆ ಕೊಟ್ಟುಬಿಡ್ತಾರೆ. ಹೋಗಿ ಬರ್ತೀನಿ ಅನ್ನೋ ಥರ ಮಾತಾಡ್ತಾರೆ. ಗಮನಿಸಿ.”

ಮರಿತಾಯಮ್ಮ ತನ್ನ ಮಡಿಲು ನೋಡಿಕೊಂಡಳು. ಎಲೆಹಸಿರು, ಕುಂಕುಮದ ಅಂಚು. ಹೋಗಿ ಬರ್ತೀನಿ ಎಂದಾದರೂ ಹೇಳಿದ್ದರೆ ಆಗಿತ್ತು, ಆ ಹುಡುಗಿ ಬರೀ ಓಯ್ತೀನಿ ಎಂದಿದ್ದಳು. ತಾನು ಅದನ್ನು ಮೇಷ್ಟರ ಹಾಗೆ ತಿದ್ದಿ ಕಳಿಸಿದ್ದಳು.

“ನೇರವಾಗಿ ಕೇಳಿ” ಎನ್ನುತ್ತಿದ್ದಳು ಸಂಘಮಿತ್ರಾ. “ಕೇಳಿದ್ರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು. ಕೇಳಿದ್ರೆ ಅವರ ಎದೆ ಹಗುರಾಗುತ್ತೆ. ಯಾವ ಹೊತ್ತಿಗೂ ಫೋನಲ್ಲಿ ಮಾತಾಡೋಕೆ ಈ ನಂಬರು ಬರ್ಕೊಳ್ಳಿ, ಒಂದು ನಾಲ್ಕು ನಾಲ್ಕು ಒಂದು ಆರು.” ಎಲ್ಲರೂ ಬರೆದುಕೊಂಡರು. ಮರಿತಾಯಮ್ಮ ಅಂಗೈ ಮೇಲೆ ಬರೆದುಕೊಂಡು ಎದ್ದಳು.

ಬಾಗಿಲಲ್ಲಿ ಪ್ರಸಾದ್ ಅಡ್ಡ ಬಂದ. “ಎಲ್ಲಿಗೆ ಮೇಡಂ? ನಿಮ್ಮ ಗಡಿಯಾರ ಬಂದಿದೆ.”

“ಬುಡಿ ಸಾ ದಾರೀನ. ನಿಮ್ ಗಡಿಯಾರ ನೀವೇ ನೋಡ್ಕಳಿ.”

ಸುತ್ತೂರು ಮೇಲೆ ಹೋಗುವ ಬಸ್ಸು ಸಿಕ್ಕಿತು. ಕಂಡಕ್ಟರ್ ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೈಗಿಟ್ಟ. ಆ ಸೊನ್ನೆಯನ್ನು ನೋಡಿ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಂಥದ್ದೇ ಒಂದು ಸೊನ್ನೆಗೆ ಹಾರ ಹಾಕಿಸಿಕೊಳ್ಳಲು ಹೋಗಿದ್ದಳಲ್ಲ! ಕೋಮಲಳ ಫೋನಿಗೆ ಹಚ್ಚಿದಳು, ರಿಂಗಾಗಿ ರಿಂಗಾಗಿ ನಿಂತಿತು. ಮುತ್ತಮ್ಮನ ಫೋನು ಸ್ವಿಚಾಫ್. ಚಲುವಯ್ಯನಿಗೆ ಹಚ್ಚಿದಳು. “ಮಾದಯ್ಯಣ್ಣನ ಮನೆ ಜಗಲೀಲಿ ಓಗಿ ಕುಂತ್ಕೊ. ಕೋಮಲನ ಜೊತೇಲೇ ಇರು. ನಾ ಬರೋಗಂಟ ಏಳ್ಬ್ಯಾಡ.” ಯಾಕೆಂದು ಅವನು ಕೇಳಿದ. “ಕಾಪಿ ಕೊಡ್ತಾರೆ ಓಗು” ಎಂದಳು. ಆಗಲೂ ನಿಜವಾದ ಮಾತು ಬಾಯಿಗೆ ಬರಲಿಲ್ಲ. ಬಸ್ಸು ಪ್ರತಿ ಗೇಟಿನಲ್ಲೂ ನಿಂತಿತು. ಕಬ್ಬಿನ ಗಾಡಿಗೆ ದಾರಿ ಬಿಟ್ಟಿತು. ಹದಿನೇಳು ವರ್ಷದಲ್ಲಿ ಯಾವ ಹೆರಿಗೆಯಲ್ಲೂ ಅವಳು ಹಾಗೆ ಬೆವೆತಿರಲಿಲ್ಲ. ಟಿ. ನರಸೀಪುರದಲ್ಲಿ ಇಳಿದು ತಲಕಾಡು ರಸ್ತೆಯ ಆಟೋ ಹತ್ತಿದಾಗ ಸೀರೆಯ ಅಂಚು ಕೆಸರಾಗಿತ್ತು.

ದೊಡ್ಡಮಾದಯ್ಯನ ಜಗಲಿಯಲ್ಲಿ ಚಲುವಯ್ಯ ಎರಡನೇ ಲೋಟ ಕಾಫಿ ಕುಡಿಯುತ್ತಿದ್ದ. ಮುತ್ತಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

“ಕೋಮಲ ಎಲ್ಲವ್ಳೆ?”

“ಒಳಗವ್ಳೆ. ಬೆಳಗಿಂದ ಪೆಟ್ಟಿಗೆ ಒಪ್ಪ ಮಾಡ್ತಾವ್ಳೆ. ಹೊಲಿಗೆ ಮಿಷೀನ್ನೂ ಯಾರಿಗೋ ಕೊಡ್ತಾಳಂತೆ. ನೋಡು, ಎಂಗೆ ಉಸಾರಾದ್ಲು” ಎಂದು ಮುತ್ತಮ್ಮ ಹೆಮ್ಮೆಯಿಂದ ಹೇಳಿದಳು.

ಮರಿತಾಯಮ್ಮ ಒಳಗೆ ಹೋಗಿ ಬಾಗಿಲು ಹಾಕಿದಳು. ಯಾರ ಮನೆಯಲ್ಲೂ ಅವಳು ಅತ್ತೆಯನ್ನು ಹೊರಗಿಟ್ಟು ಬಾಗಿಲು ಹಾಕಿದವಳಲ್ಲ. ಕೋಮಲ ಪೆಟ್ಟಿಗೆಯ ಮುಂದೆ ಕೂತಿದ್ದಳು. ಬಟ್ಟೆಯೆಲ್ಲ ಅಚ್ಚುಕಟ್ಟಾಗಿ ಮಡಿಸಿತ್ತು. ಮರಿತಾಯಮ್ಮ ಎದುರಿಗೆ ಕೂತು ಅವಳ ಎರಡೂ ಕೈ ಹಿಡಿದಳು. ಬಾಯಿ ತೆರೆದರೆ ಬಂದದ್ದು “ಊಟ ಆಯ್ತಾ ಮಗಾ?” ತನ್ನ ನಾಲಿಗೆಯ ಮೇಲೆ ಅವಳಿಗೆ ಅಸಹ್ಯವಾಯಿತು. ಕಣ್ಣು ಮುಚ್ಚಿಕೊಂಡು, ಮುಳ್ಳು ಕೀಳುವವಳ ಹಾಗೆ ಹಲ್ಲು ಕಚ್ಚಿ ಕೇಳಿದಳು.

“ಕೋಮಲ, ನಿಂಗೆ ಸಾಯ್ಬೇಕು ಅನ್ಸ್ತದಾ?”

ಹೊರಗೆ ಅವರೆಕಾಯಿ ಸುಲಿಯುವ ಸದ್ದು ಕೇಳುತ್ತಿತ್ತು. ಕೋಮಲ ಅವಳನ್ನೇ ನೋಡಿದಳು.

“ಬುಡ್ತು ಅನ್ನಾಕಿಲ್ವಾ ಚಿಕ್ಕವ್ವ?”

“ಅನ್ನಾಕಿಲ್ಲ. ನೀ ಯೋಳು.”

“ಅನ್ಸ್ತದೆ” ಎಂದಳು ಕೋಮಲ. “ದಿನಾ ಅನ್ಸ್ತದೆ. ಮೊದ್ಲು ಎದ್ದು ಕೂರಾಕೂ ತ್ರಾಣ ಇರ್ನಿಲ್ಲ. ಈಗ ತ್ರಾಣ ಬಂದದೆ.” ಆಮೇಲೆ, “ಅವತ್ತು ನೀ ಇಲ್ಲ ಅಂತ ಒತ್ತಿದ್ದನ್ನ ನಾ ನೋಡ್ದೆ. ಕೇಳ್ತೀಯೇನೋ ಅಂತ ಕಾಯ್ತಾ ಕುಂತಿದ್ದೆ. ನೀ ಕಾಪಿ ಕೇಳ್ದೆ” ಎಂದಳು.

ಮರಿತಾಯಮ್ಮ ಅತ್ತಳು. ಊರಿನ ಅಷ್ಟೂ ಹೆರಿಗೆ, ಅಷ್ಟೂ ಸಾವು ಕಂಡು ಗಟ್ಟಿಯಾಗಿದ್ದ ಹೆಂಗಸು ಆ ಹುಡುಗಿಯ ತೊಡೆಯ ಮೇಲೆ ತಲೆಯಿಟ್ಟು ಹೋ ಎಂದು ಅತ್ತಳು. ಕೋಮಲಳೂ ಅತ್ತಳು. ಮಗು ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಆಮೇಲೆ ಪೆಟ್ಟಿಗೆಯ ತಳದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತೆಗೆದು ಮರಿತಾಯಮ್ಮನ ಕೈಗಿಟ್ಟಳು. ಅದರಲ್ಲಿ ಏನಿತ್ತೆಂದು ಮರಿತಾಯಮ್ಮ ಯಾರಿಗೂ ಹೇಳಿಲ್ಲ, ನಾವೂ ಕೇಳುವುದು ಬೇಡ. ಅದು ಅವತ್ತೇ ಆ ಮನೆಯಿಂದ ಹೊರಗೆ ಹೋಯಿತು.

ಅಂಗೈ ಮೇಲಿನ ನಂಬರಿಗೆ ಇಬ್ಬರೂ ಸೇರಿ ಫೋನ್ ಮಾಡಿದರು. ನಟರಾಜ ಶಿಫ್ಟ್ ಬಿಟ್ಟು ಓಡಿಬಂದ. ಸಂಜೆಯೊಳಗೆ ಮೂವರೂ ಡಾಕ್ಟರ ಮುಂದೆ ಕೂತಿದ್ದರು, ಶಿಬಿರಕ್ಕೆ ಬಂದಿದ್ದ ಡಾಕ್ಟರೇ. ಅವರು ಪಟ್ಟಿ ತೆಗೆದು ನೋಡಿ ಹುಬ್ಬು ಗಂಟಿಕ್ಕಿದರು. “ಇಲ್ಲಿ ಇಲ್ಲ ಅಂತ ಇದೆಯಲ್ಲಮ್ಮ?”

“ಇಲ್ಲ ಅಂದಿದ್ದು ನಾನು ಸಾ. ಅವ್ಳನ್ನ ಯಾರೂ ಕೇಳ್ನಿಲ್ಲ” ಎಂದಳು ಮರಿತಾಯಮ್ಮ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ನಾನೂ ಕೇಳಲಿಲ್ಲ” ಎಂದರು. ಮಾತ್ರೆ ನಿಲ್ಲಿಸಲಿಲ್ಲ. ವಾರಕ್ಕೊಮ್ಮೆ ತಾವೇ ನೋಡುವುದಾಗಿ ಹೇಳಿದರು. ವಾರಕ್ಕಾಗುವಷ್ಟನ್ನೇ ಬರೆದು, ಮಾತ್ರೆ ಮರಿತಾಯಮ್ಮನ ಬಳಿಯೇ ಇರಲಿ, ದಿನಾ ಕೈಯಾರೆ ಕೊಡಲಿ, ಹುಡುಗಿ ಸದ್ಯಕ್ಕೆ ಒಂಟಿಯಾಗಿರುವುದು ಬೇಡ ಎಂದರು. ಅವತ್ತು ಅವರು ಕೋಮಲಳ ಜೊತೆ ಮುಕ್ಕಾಲು ಗಂಟೆ ಕೂತರು. ಹೊರಗೆ ನೆಕ್ಸ್ಟ್ ಕಾಯುತ್ತಿತ್ತು.

ಮಾರನೇ ದಿನದಿಂದ ಮರಿತಾಯಮ್ಮ ನೂರ ಎಂಬತ್ತು ಮನೆಗೂ ಮೊದಲಿಂದ ಹೋದಳು. ಒಬ್ಬೊಬ್ಬರನ್ನೇ ಹಿತ್ತಲಿಗೆ ಕರೆದು ಒಂಬತ್ತನೆಯದನ್ನು ಕೇಳಿದಳು. ಕೆಲವರು ನಕ್ಕರು, ಇಬ್ಬರು ಬೈದರು. ದೀಪ ಹಚ್ಚುತ್ತಿದ್ದ ಆ ಅಜ್ಜಿ, “ಈಗ ಬಂದ್ಯಾ?” ಎಂದು ಕೇಳಿ ಅವಳ ಪಕ್ಕ ಸರಿದು ಕೂತಿತು. ಹನ್ನೊಂದು ಜನ ಹೌದೆಂದರು. ನೀರಿನ ಟ್ಯಾಂಕಿನ ಏಳನೇ ಮೆಟ್ಟಿಲ ಮೇಲೆ ಕೂತು ಮರಿತಾಯಮ್ಮ ಹನ್ನೊಂದು ಒ.ಟಿ.ಪಿ. ಹೊಡೆದಳು.

ಲ್ಯಾಪ್‌ಟಾಪಿನಲ್ಲಿ ಚಿಕ್ಕಕೊಪ್ಪಲು ಕೆಂಪಾಯಿತು. ಪ್ರಸಾದ್ ಫೋನ್ ಮಾಡಿ ಹೆಚ್ಚುಕಡಿಮೆ ಅತ್ತ. “ಏನ್ ಮೇಡಂ ಇದು? ಸನ್ಮಾನಕ್ಕೆ ಆರಿಸಿದ ಊರು! ಹನ್ನೊಂದನ್ನ ಒಂದೆರಡಕ್ಕೆ ಇಳಿಸೋಕಾಗಲ್ವಾ?” ಇಳಿಸಲಿಲ್ಲ. ಒಂದು ವಾರದಲ್ಲಿ ಕಾರಣ ಕೇಳಿ ನೋಟಿಸ್ ಬಂತು: ‘ತಮ್ಮ ವ್ಯಾಪ್ತಿಯಲ್ಲಿ ಸಾವಿನ ಯೋಚನೆಗಳು ದಿಢೀರನೆ ಏರಲು ಅವಕಾಶ ಕೊಟ್ಟಿದ್ದೇಕೆ?’ ಅದರ ಜೊತೆಗೇ, ಬೇರೆ ವಿಭಾಗದಿಂದ, ಸನ್ಮಾನದ ಗಡಿಯಾರವೂ ಬಂತು. ಮರಿತಾಯಮ್ಮ ನೋಟಿಸಿಗೆ ‘ಕೇಳಿದ್ದರಿಂದ’ ಎಂದು ಒಂದೇ ಪದದ ಉತ್ತರ ಬರೆದು ಕಳಿಸಿದಳು. ಗಡಿಯಾರ ನಡೆಯುತ್ತಿರಲಿಲ್ಲ.

ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಮಾತ್ರೆ ಹಿಡಿದು ದೊಡ್ಡಮಾದಯ್ಯನ ಮನೆಗೆ ಹೋಗುವುದು, ಕೋಮಲಳ ಜೊತೆ ಕಾಲು ಗಂಟೆ ಕೂರುವುದು, ಕೇಳುವುದು. ಕೆಲವು ದಿನ ಉತ್ತರ ಹೌದು. ಕೆಲವು ದಿನ ಸ್ವಲ್ಪ. ಬರೀ ಹೌದುಗಳೇ ಬಂದ ಒಂದು ವಾರವೂ ಇತ್ತು, ಆಗ ಮರಿತಾಯಮ್ಮನಿಗೆ ಅನ್ನ ಸೇರಲಿಲ್ಲ. ಹೀಗೆ ಮೂರು ತಿಂಗಳು ಹೋಯಿತು. ಬರಬರುತ್ತಾ ಹೌದು ಕಡಿಮೆಯಾಯಿತು. ಹೊಲಿಗೆ ಮಿಷೀನು ಪೆಟ್ಟಿಗೆಯ ಪಕ್ಕದಿಂದ ಕಿಟಕಿಯ ಪಕ್ಕಕ್ಕೆ ಬಂತು.

ಒಂದು ಬೆಳಿಗ್ಗೆ ಮರಿತಾಯಮ್ಮ ಮಾತ್ರೆ ತೆಗೆದುಕೊಂಡು ಹೊರಡುವಷ್ಟರಲ್ಲಿ ಕೋಮಲ ತಾನೇ ಬಾಗಿಲಲ್ಲಿ ನಿಂತಿದ್ದಳು. ಮುಖ ಸ್ವಲ್ಪ ಬಿಗಿಯಾಗಿತ್ತು.

“ಚಿಕ್ಕವ್ವ, ನನ್ ಸೀರೆ ಕೊಡು. ನನ್ ತಮ್ಮನ್ ಮದ್ವೆ ಅದೆ, ಉಟ್ಕಬೇಕು.”

ಮರಿತಾಯಮ್ಮ ಬೀರು ತೆಗೆದಳು. ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಕೋಮಲ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಅಂಚು ಹಿಡಿದು ನೋಡಿದಳು.

“ಅಯ್ಯೋ, ಇದೇನ್ ಚಿಕ್ಕವ್ವ, ಅಂಚೆಲ್ಲ ಕೆಸ್ರು ಮಾಡಿದ್ದೀಯಲ್ಲ! ಒಂದ್ ದಿನ ಕೊಟ್ಟಿದ್ಕೆ ಹಿಂಗಾ? ನಾಳಿಕ್ಕೆ ನಾ ಕಲೆ ತೆಗಿಯೋ ಪುಡಿ ತತ್ತೀನಿ, ನೀನೇ ಉಜ್ಜಿ ಕೊಡ್ಬೇಕು, ಗೊತ್ತಾಯ್ತಾ?”

“ಆಯ್ತು ಕಣವ್ವ. ನಾಳಿಕ್ಕೆ ತತ್ತಾ” ಎಂದಳು ಮರಿತಾಯಮ್ಮ.